ನಾಲ್ಕನೇ ಹಾಡಿನ ಟಗರು

ಡಾಕರ್‌ನ ಅಂಚಿಗೆ, ಪಿಕಿನ್‌ನಲ್ಲಿ,
ನನ್ನ ದರ್ಜಿ ಅಂಗಡಿಯ ಮಾಳಿಗೆ ಮೇಲೆ
ಸ್ಟುಡಿಯೋ ಅಂದರೆ ಒಂದು ಬೀರು:
ಒಳಗೆ ಹಳೇ ಹಾಸಿಗೆ, ಒಂದು ಮೈಕು,
ಇಬ್ಬರಲ್ಲಿ ಒಬ್ಬರಿಗಷ್ಟೇ ಜಾಗ.
ಬಿರಾನ್ ಒಳಗಿದ್ದರೆ ಯಾಸಿನ್ ಹೊರಗೆ
ಬಾಗಿಲಿಗೆ ಬೆನ್ನು ಕೊಟ್ಟು
ತನ್ನ ಸಾಲುಗಳನ್ನು ಮಂಡಿಯ ಮೇಲೆ ಕುಟ್ಟುತ್ತಾಳೆ.

ಕರೆಂಟು ಬಂದಾಗ ಹಾಡು.
ಹೋದಾಗ ಜಗಳ, ಮೂರು ಸುತ್ತು ಚಹಾ.

ಮೂಲೆಯಲ್ಲಿ ಹಬ್ಬಕ್ಕೆಂದು ಕಟ್ಟಿದ ಟಗರು.
ನಾಲ್ಕನೇ ಹಾಡಿನಲ್ಲಿ, ಸರಿಯಾಗಿ
ಬಿರಾನ್ ಉಸಿರೆಳೆದುಕೊಳ್ಳುವ ಸಂದಿಗೆ
ಬ್ಯಾ ಅಂದಿತು.
ಹದಿನೇಳು ಸಲ ಮತ್ತೆ ಹಾಡಿದರು.
ಹದಿನೇಳು ಸಲವೂ ಅದು ತಾಳ ತಪ್ಪಲಿಲ್ಲ.
"ಇರಲಿ ಬಿಡು," ಅಂದಳು ಯಾಸಿನ್,
"ನಿನಗಿಂತ ಚೆನ್ನಾಗಿ ಎತ್ತುತ್ತೆ."

ಹಬ್ಬ ಆಯಿತು.
ಮೂರು ವಾರಕ್ಕೆ ಆಲ್ಬಮ್ ಬಂತು, ಅವರ ಮೊದಲನೆಯದು.
ಬೀದಿಗೆ ಬೀದಿಯೇ ಒಂದು ಫೋನಿನ ಸುತ್ತ ಬಗ್ಗಿ ಕೇಳಿತು:
ಪೊಲೀಸರು, ನೀರು ನಿಂತ ಮನೆಗಳು,
ದೋಣಿ ಹತ್ತಿ ತಿರುಗಿ ಬಾರದವರು.
ನಾನು ಗುಂಡಿ ಹೊಲಿಯುತ್ತಲೇ ಇದ್ದೆ.

ನಾಲ್ಕನೆಯದು ಬಂತು.
ನಾವೆಲ್ಲ ಹಂಚಿಕೊಂಡು ತಿಂದಿದ್ದ ಆ ಟಗರು
ತನ್ನ ಸಂದಿಯಲ್ಲಿ ನಿಂತು ಕೂಗಿತು.
ಮಕ್ಕಳು ಕೇಕೆ ಹಾಕಿದರು.
ಅಕ್ಕಿ ಆರಿಸುತ್ತಿದ್ದ ಬಿರಾನನ ತಾಯಿ
ತಲೆ ಎತ್ತದೆ,
"ಅದಕ್ಕೆ ಹುಲ್ಲು ಹಾಕಿದ್ರೇನ್ರೋ?" ಎಂದಳು.