ಪಾಳಿ ಒಪ್ಪಿಸುವಾಗ

ಕೂತುಕೋ ಬ್ರಾಂದುರ್, ಕುರ್ಚಿ ಇನ್ನೂ ಬೆಚ್ಚಗಿದೆ.
ಕಾಫಿ ಆರಿದೆ, ಗಾಳಿ ಆರಿಲ್ಲ.
ಸುಂಬಾದ ಗುಡ್ಡದ ಮೇಲೆ ನಮ್ಮ ಆಂಟೆನಾ
ಗೂಟಕ್ಕೆ ಕಟ್ಟಿದ ಟಗರಿನ ಹಾಗೆ
ಸುತ್ತುತ್ತಲೇ ಇದೆ, ಎರಡೂವರೆ ಸೆಕೆಂಡಿಗೊಂದು ಸುತ್ತು.

ಪರದೆ ನೋಡು. ಹೊಸಬರಿಗೆಲ್ಲ ಇದು
ಕತ್ತಲ ನೆಲಕ್ಕೆ ಚೆಲ್ಲಿದ ಜವೆಗೋಧಿ.
ಅಲೆಯೂ ಮರುದನಿ ಕೊಡುತ್ತದೆ, ಮಳೆಯೂ,
ಬಂಡೆಯಿಂದ ಒಮ್ಮೆಲೇ ಎದ್ದ ಹಕ್ಕಿಗಳೂ.
ದೋಣಿಯೂ ಕೊಡುತ್ತದೆ.
ನಮಗೆ ಬೇಕಾದದ್ದು ಅದೊಂದೇ ಕಾಳು.

ಒಂದೇ ಗೆರೆ ಎಳೆದು
ಇದರ ಮೇಲೆ ತಲೆ ಎತ್ತಿದ್ದೆಲ್ಲ ದೋಣಿ ಎಂದರೆ
ಶಾಂತ ದಿನಕ್ಕೆ ಸರಿ. ವರ್ಷಕ್ಕೆ ಅಂಥವು ಒಂಬತ್ತು.
ಮಿಕ್ಕ ದಿನ ಕಡಲೇ ಗೆರೆ ದಾಟಿ ಬಂದು
ಸಾವಿರ ದೋಣಿಯ ಸುಳ್ಳು ಹೇಳುತ್ತದೆ.

ಅದಕ್ಕೇ ಯಂತ್ರ ಚೌಕ ಚೌಕಕ್ಕೂ ಬೇರೆ ಗೆರೆ ಎಳೆಯುತ್ತದೆ,
ಸುತ್ತು ಸುತ್ತಿಗೂ ಅಳಿಸಿ ಹೊಸತು.
ಮೊದಲು ನೆರೆಯವರನ್ನು ವಿಚಾರಿಸುತ್ತದೆ:
ನಿಮ್ಮಲ್ಲಿ ಗಲಾಟೆ ಎಷ್ಟು?
ಗೋಡೆಗೆ ಗೋಡೆ ತಾಗಿದವರನ್ನು ಮಾತ್ರ ಕೇಳುವುದಿಲ್ಲ;
ಈ ಮನೆಯ ಬೆಳಕು ಅವರ ಅಂಗಳಕ್ಕೂ ಚೆಲ್ಲಿರುತ್ತದೆ,
ನೆಂಟರ ಸಾಕ್ಷಿ ನಡೆಯದು.
ಅವರಾಚೆಯ ಹದಿನಾರು ಮನೆ. ಅವರ ಗದ್ದಲದ ಸರಾಸರಿ.
ಅದರ ಇಷ್ಟು ಪಟ್ಟು ಮೀರಿದರೆ ಆಗ
ಪರದೆ ಮಿನುಗಿ ಹೇಳುತ್ತದೆ: ಇದ್ದಾನೆ.

ಸುಳ್ಳು ಕೂಗಿಗೂ ಇಲ್ಲಿ ಪಡಿತರವುಂಟು.
ಹತ್ತು ಲಕ್ಷಕ್ಕೊಂದು. ಕಡಲು ಕುಣಿಯಲಿ, ಮಲಗಲಿ,
ಸುಳ್ಳಿನ ಲೆಕ್ಕ ಕದಲಕೂಡದು.
ಸೊನ್ನೆ ಯಾಕಲ್ಲ ಎಂದು ಕೇಳುತ್ತೀಯ,
ನಾನೂ ಮೊದಲ ವಾರ ಕೇಳಿದ್ದೆ.
ಸೊನ್ನೆಯೇ ಬೇಕಾದರೆ ರಾಡಾರ್ ಆರಿಸಿ ಮನೆಗೆ ಹೋಗು.

ಈಗ ರಾತ್ರಿ ನಡೆದದ್ದು ಕೇಳು.
ಎರಡು ಗಂಟೆ ಹತ್ತು ನಿಮಿಷ. ದಕ್ಷಿಣದ ಬಂಡೆಯಾಚೆ
ದೊಡ್ಡ ಟ್ರಾಲರ್, ಕಬ್ಬಿಣದ ಮೈ, ಕಬ್ಬಿಣದ ಗಂಟಲು.
ಅದರ ಎಡಕ್ಕೆ ಏನೂ ಇಲ್ಲ ಎಂದಿತು ಯಂತ್ರ.
ಆದರೆ ಹಾನುಸ್ ಸಂಜೆ ಐದಕ್ಕೆ ಅತ್ತಲೇ ಹೋಗಿದ್ದ,
ಮರದ ದೋಣಿ, ಎರಡು ಹುಟ್ಟು, ಕೆಮ್ಮುವ ಎಂಜಿನ್.
ಅವನ ಹೆಂಡತಿ ಎರಡು ಸಲ ಫೋನು ಮಾಡಿದಳು,
ಎರಡನೆಯ ಸಲ ಮಾತೇ ಆಡದೆ ಇಟ್ಟಳು.

ಯಂತ್ರ ಸುಳ್ಳು ಹೇಳಿರಲಿಲ್ಲ, ಬ್ರಾಂದುರ್.
ಕೇಳಬಾರದವನನ್ನು ಕೇಳಿತ್ತು:
ಹದಿನಾರು ನೆರೆಯವರಲ್ಲಿ ಒಬ್ಬ ಟ್ರಾಲರ್.
ಅವನೊಬ್ಬನ ಅಬ್ಬರಕ್ಕೆ ಸರಾಸರಿ ಉಬ್ಬಿ
ಗೆರೆ ಹಾನುಸನ ತಲೆಗಿಂತ ಎರಡು ಮೊಳ ಮೇಲೆ ಹೋಗಿತ್ತು.

ನಿಯಮ ಬದಲಿಸಿದೆ.
ನೆರೆಯವರನ್ನು ದನಿಯ ಪ್ರಕಾರ ಸಾಲಾಗಿ ನಿಲ್ಲಿಸು,
ಮೆಲುದನಿಯವನಿಂದ ಎಣಿಸು,
ಹನ್ನೆರಡನೆಯವನು ಹೇಳಿದ್ದೇ ಅಳತೆ,
ಅವನಾಚೆ ಕಿರುಚುವ ನಾಲ್ವರು ಕಿರುಚಿಕೊಳ್ಳಲಿ.
ಪಡಿತರವನ್ನೂ ಸಡಿಲಿಸಿದೆ, ಸಾವಿರಕ್ಕೊಂದು.
ರಿಜಿಸ್ಟರಿನಲ್ಲಿದೆ, ಸಹಿ ನನ್ನದು.

ಪರದೆ ತುಂಬ ಕಾಳು ಸಿಡಿದವು.
ಮೂರು ಮಾತ್ರ ಸುತ್ತಿನಿಂದ ಸುತ್ತಿಗೆ ಉಳಿದವು.
ಟ್ರಿಗ್ವಿ ರಕ್ಷಣಾ ದೋಣಿ ಇಳಿಸಿದ.
ಮೊದಲನೆಯದು, ತೇಲಿಬಂದ ಮರದ ದಿಮ್ಮಿ.
ಎರಡನೆಯದು, ನೀರು. ಬರೀ ನೀರು.
ತಪ್ಪಾಯಿತು ಅಂದೆ. ರೇಡಿಯೋದ ಗೊರಗೊರ ನಡುವೆ ಅವನು:
“ಏನೂ ಇಲ್ಲ ಅನ್ನೋದನ್ನೂ ಯಾರಾದರೂ
ಹೋಗಿ ನೋಡಬೇಕಲ್ಲ, ಮಾರ್ಯುನ್. ಮುಂದಿನದು ಎಲ್ಲಿ?”

ಮುಂದಿನದರಲ್ಲಿ ಹಾನುಸ್
ಎಂಜಿನ್ನಿಗೆ ಬೈಯುತ್ತ ಕೂತಿದ್ದನಂತೆ.
ನಿಮ್ಮನ್ನು ಯಾರು ಕರೆದದ್ದು ಎಂದನಂತೆ.
ಕೈಬೆರಳು ಮಡಚಲು ಬರುತ್ತಿರಲಿಲ್ಲವಂತೆ.

ಬೆಳಗಾದರೆ ಟೋರ್ಶಾವ್ನ್‌ನಿಂದ ಕೇಳುತ್ತಾರೆ,
ಒಂದೇ ರಾತ್ರಿ ಇಷ್ಟೊಂದು ಸುಳ್ಳು ಕೂಗು ಯಾಕೆ ಎಂದು.
ಪಡಿತರ ಹಿಂದಿನ ಅಳತೆಗೇ ಇಟ್ಟಿದ್ದೇನೆ.
ಹನ್ನೆರಡನೆಯವನನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ,
ನೀನೂ ಮುಟ್ಟಬೇಡ.

ಎಡ ಮೂಲೆಯ ಆ ಚುಕ್ಕೆಯೇ?
ಅದು ಬಂಡೆ. ನಾನು ಕೆಲಸಕ್ಕೆ ಬಂದ ದಿನದಿಂದ ಅಲ್ಲೇ ಇದೆ.
ಆದರೂ
ಪಾಳಿಗೊಂದು ಸಲ ನೋಡು.