ಸೀಮೆಸುಣ್ಣದ ಹಡಗು

(ಟ್ರಿಯೆಸ್ಟ್, ೧೯೧೧)

ಮೆಟ್ಟು ಕಳಚಿ ಬಾ ಅನ್ನುತ್ತಾನೆ ಬೊರ್ತೊಲೊ ಮೇಸ್ತ್ರಿ,
ಚಕ್ರವರ್ತಿಗಳ ಹಡಗು, ತುಳಿದೀಯ.
ಕರಿ ಬಳಿದ ಅಟ್ಟದ ನೆಲದ ಮೇಲೆ
ಮಂಡಿಯೂರಿ ಅವನು ಎಳೆದ ಬಿಳಿ ಗೆರೆ,
ಇರಬೇಕಾದಷ್ಟೇ ಅಳತೆ, ಕೂದಲೆಳೆ ಆಚೀಚೆ ಇಲ್ಲ.
ನಾನು ನೀವೆಸ್. ಆ ನೆಲ ಒರೆಸುವವಳು.
ಪಕ್ಕೆಲುಬಿನಿಂದ ಪಕ್ಕೆಲುಬಿಗೆ
ಬಕೆಟ್ಟು ಹಿಡಿದು ದಾಟುತ್ತೇನೆ.

ಮೂರು ವಾರ ಎಳೆದ.
ನಾಲ್ಕನೆಯ ಸೋಮವಾರ ವಿಯೆನ್ನಾದಿಂದ ತಂತಿ:
ಆಚೆ ದಡದವರು ತಮ್ಮದಕ್ಕೆ
ಎರಡು ಬೆರಳು ಉಕ್ಕು ಹೆಚ್ಚಿಸಿದ್ದಾರಂತೆ.
ಬೊರ್ತೊಲೊ ನನ್ನತ್ತ ನೋಡಿದ.
ನಾನು ನೀರು ತರಲು ಎದ್ದೆ.

ಉಕ್ಕು ದಪ್ಪವಾದರೆ ಭಾರ, ಭಾರಕ್ಕೆ ಅಗಲ,
ಅಗಲವಾದರೆ ನಡೆ ನಿಧಾನ,
ನಿಧಾನಕ್ಕೆ ಇನ್ನೆರಡು ಬಾಯ್ಲರು,
ಬಾಯ್ಲರಿಗೆ ಕಲ್ಲಿದ್ದಲು, ಕಲ್ಲಿದ್ದಲಿಗೆ ಹೊಟ್ಟೆ.
ಎಲ್ಲ ಸೇರಿ ನಮ್ಮ ಇಳಿಜಾರು ಕಟ್ಟೆಗಿಂತ ನಾಲ್ಕು ಮಾರು ಉದ್ದ:
ತಲೆ ತೂರಿಸಿದರೆ ಬಾಲ ಬೀದಿಯಲ್ಲಿ.
ಬೊಹೀಮಿಯದ ಫಿರಂಗಿ ಗುಡ್ಡದಾಚೆ
ಹಿಮದಲ್ಲಿ ಹೂತ ರೈಲಿನಲ್ಲಿದೆ.
ರಿವೆಟ್ ಬಡಿಯುವವರು ಗೇಟಿನ ಹೊರಗೆ ಕೂತಿದ್ದಾರೆ,
ನಮ್ಮ ರೊಟ್ಟಿಗೂ ಎರಡು ಬೆರಳು ದಪ್ಪ ಹೆಚ್ಚಿಸಿ ಅಂತ.

ಅಣ್ಣ ಆಂಜೊಲೊ ಇರುವುದು ವೆನಿಸಿನಲ್ಲಿ,
ಆ ಆಚೆ ದಡದಲ್ಲೇ. ಈಸ್ಟರಿಗೆ ಕಾಗದ ಬರೆದ:
"ನಿಮ್ಮವರು ಗೋಪುರವೊಂದು ಏರಿಸಿದರಂತೆ, ಹೌದಾ?
ಇಲ್ಲಿ ಮೂರು ತಿಂಗಳ ಕೆಲಸ ಬಿಚ್ಚಿಸಿದರು.
ಪುಣ್ಯಕ್ಕೆ, ಬಿಚ್ಚುವುದಕ್ಕೂ ಕೂಲಿ ಉಂಟು.
ಅಮ್ಮನ ಗೋರಿಗೆ ನನ್ನ ಪಾಲಿನ ಹೂವನ್ನೂ ನೀನೇ ಇಡು."

ತಕ್ಕಡಿಯಲ್ಲಿ ಕಪ್ಪೆ ತೂಗುವ ವ್ಯಾಪಾರ:
ಈ ತಟ್ಟೆಗೊಂದು ಹಾಕುವಷ್ಟರಲ್ಲಿ
ಆ ತಟ್ಟೆಯದು ಜಿಗಿದಿರುತ್ತದೆ.
ಬಂಗುಡೆ ಮಾರುವ ಜೀತಾ ನಗುತ್ತಾಳೆ,
ಮುಳ್ಳು ನಟ್ಟಗೆ ನಿಂತಿತೆಂದರೆ, ನೀವೆಸ್,
ಎಲ್ಲೋ ಯಾರದೋ ಹೆಬ್ಬೆರಳು ಒತ್ತಿದೆ ಅಂತಲೇ.

ನಿನ್ನೆ ಸಂಜೆ, ಎಲ್ಲ ಹೋದ ಮೇಲೆ,
ಐದನೆಯ ಸಲ ಒರೆಸುತ್ತಿದ್ದೆ.
ಹಳೆಯ ಗೆರೆ ಪೂರ್ತಿ ಹೋಗುವುದಿಲ್ಲ,
ಹಲಗೆಯ ಸಂದಿನಲ್ಲಿ ಬಿಳಿ ಉಳಿಯುತ್ತದೆ.
ಕಟ್ಟದ ಹಡಗುಗಳು ಒಂದರೊಳಗೊಂದು ಮಲಗಿವೆ.
ಮೊದಲನೆಯದೇ ಚೆಲುವೆ. ಸಪೂರ ನಡು.
ಅದನ್ನು ಅಳಿಸುವಾಗ ಬೊರ್ತೊಲೊ ಕಿಟಕಿಯಲ್ಲಿ
ಏನನ್ನೋ ನೋಡುತ್ತಾ ನಿಂತಿದ್ದ.

ಬೋರಾ ಗಾಳಿ ಬಾಗಿಲು ಬಡಿಯಿತು.
ಬಟ್ಟೆ ಹಿಂಡಿ, ಕೆಳಗಿಳಿದು,
ಬಕೆಟ್ಟನ್ನು ಕಟ್ಟೆಯ ತುದಿಯಿಂದ ಬೋರಲು ಹಾಕಿದೆ.
ಬೆಳ್ಳಗೆ ಹರಡಿ ಸಮುದ್ರ ಸೇರಿತು.
ಈ ಕಾರ್ಖಾನೆಯಿಂದ ಈ ವರ್ಷ
ನೀರಿಗಿಳಿದದ್ದು ಅದಷ್ಟೇ.