ಒಂದು ಎತ್ವದ ದೂರ

ಬ್ರೋಕನ್ ಹಿಲ್‌ನಲ್ಲಿ ಧೂಳಿಗೂ ಒಂದು ಬಣ್ಣವಿದೆ:
ಕುಂಕುಮಕ್ಕಿಂತ ತುಸು ಕಂದು, ಇಟ್ಟಿಗೆಗಿಂತ ತುಸು ಕೆಂಪು.
ಹಗಲೆಲ್ಲ ಗಣಿಯ ಪ್ರಯೋಗಾಲಯದಲ್ಲಿ
ಕಲ್ಲಪುಡಿಯೊಳಗೆ ಸೀಸವೆಷ್ಟು ಸತುವೆಷ್ಟು ಎಂದು ತೂಗುವ ನಾನು
ಸಂಜೆ ಬಂದು ಬಟ್ಟೆ ಒಗೆಯುವ ಕೋಣೆಯಲ್ಲಿ
ಹಳೆಯ ಸರ್ವರಿನ ಮೈ ಬಿಚ್ಚಿದರೆ
ಫ್ಯಾನಿನ ರೆಕ್ಕೆಗೂ ಅದೇ ಬಣ್ಣ.

ಹನ್ನೊಂದು ವರ್ಷದ ಯಂತ್ರ. ಯಾವುದೋ ಆಫೀಸು ಬಿಸಾಡಿದ್ದು.
ಅದರ ಹೊಟ್ಟೆಯಲ್ಲಿ ನೆವಿಲ್ ಪಾಸ್ಕೋನ ಸಂಜೆಗಳಿವೆ.

ಪಕ್ಕದ ಮನೆಯವನು. ಗೂಡ್ಸ್ ರೈಲಿಗೆ ಗಾರ್ಡ್ ಆಗಿದ್ದವನು.
ಮೂವತ್ತೊಂದು ವರ್ಷ, ದಿನಕ್ಕೆ ಐದು ನಿಮಿಷ,
ತನ್ನ ವರಾಂಡದಲ್ಲಿ ಕೂತು ಟೇಪು ಓಡಿಸಿದ.
ಹಾಡಲ್ಲ, ಮಾತಲ್ಲ.
ಜಾಲರಿ ಬಾಗಿಲು, ಗಲಾ ಹಕ್ಕಿಗಳ ಜಗಳ,
ನೆಲದಡಿ ಗಣಿ ಸಿಡಿದಾಗ
ಕಪ್ಪು ಬಸಿಗಳ ಸಣ್ಣ ಹಲ್ಲುಕಡಿತ.
"ಯಾಕೆ?" ಎಂದಿದ್ದೆ. "ಅಭ್ಯಾಸ" ಎಂದಿದ್ದ.
ಬಾಳೆಹಣ್ಣಿನ ಪೆಟ್ಟಿಗೆಗಳಲ್ಲಿ ಕ್ಯಾಸೆಟ್ಟು ತಂದು ಸುರಿದಿದ್ದ.

ಹೋದ ವಾರ ಒಂದು ಸಂಜೆ ತೆರೆಯಲೊಲ್ಲದು.
ತೆರೆದಾಗ ಕೇಳಿದ್ದು ಮರಳು ಹುರಿವ ಸದ್ದು.
ಎಲ್ಲೋ ಒಂದು ಸೊನ್ನೆ ಮಗುಚಿ ಒಂದಾಗಿದೆ.
ನಮ್ಮ ಕಾಗುಣಿತದಲ್ಲಿ ಹೇಳುವುದಾದರೆ
ಎತ್ವ ಜಾರಿದೆ: 'ಮೆರೆ' ಎಂದು ಬರೆದದ್ದು 'ಮರೆ' ಆಗಿದೆ.
ಯಂತ್ರಕ್ಕೆ ಎರಡೂ ಪದವೇ. ಸರಾಗ ಓದಿಕೊಂಡು ಹೋಗಿದೆ.
ಜೋಡಿ ಡಿಸ್ಕು ಇಟ್ಟಿದ್ದೆನಲ್ಲ, ಒಂದಕ್ಕೊಂದು ಕನ್ನಡಿ?
ಎರಡರಲ್ಲೂ ಅದೇ ತಪ್ಪು, ಅಚ್ಚುಕಟ್ಟಾಗಿ.
ಮೂಲ ಟೇಪು ಷೆಡ್ಡಿನ ಬಿಸಿಲಿಗೆ ಎಂದೋ ಸೊಟ್ಟಗಾಗಿತ್ತು.

ಅಳುಕುತ್ತಲೇ ಹೇಳಿದೆ.
"ಯಾವ ದಿನ?"
"ಮಾರ್ಚಿ ಹನ್ನೊಂದು, ತೊಂಬತ್ತನಾಲ್ಕು."
ತುಂಬ ಹೊತ್ತು ಗೇಟಿನ ತಿರುಗಣಿ ನೋಡಿದ.
"ಆವತ್ತು ಏನೂ ಆಗಲಿಲ್ಲ" ಎಂದ.
ಸದ್ಯ, ಎಂದುಕೊಂಡೆ.
"ಆಗಿದ್ದರೆ ನೆನಪಿರುತ್ತಿತ್ತು" ಎಂದ, ಆಮೇಲೆ.

ಹಾಗಾಗಿ ಇವತ್ತು ಊಟದ ಮೇಜಿನ ಮೇಲೆ
ಕ್ಯಾಲ್ಕುಲೇಟರು, ಆರಿದ ಚಹಾ, ಸಾವಿರದ ಇನ್ನೂರು ಡಾಲರಿನ ಆಸೆ.
ಅಂಗಡಿಯ ಹುಡುಗ ಫೋನಿನಲ್ಲಿ
ಎಂಟು ಕೋರು, ಹದಿನಾರು ಕೋರು ಎಂದು ಹರಾಜು ಕೂಗುತ್ತಾನೆ.
ವೇಗ ಬೇಡವಪ್ಪ,
ಐದು ನಿಮಿಷದ ಸಂಜೆ ಐದೇ ನಿಮಿಷ ಓಡಬೇಕು.
ಮೊದಲು ಬೇಕಾದ್ದು ತಪ್ಪು ತಿದ್ದುವ ಮೆಮೊರಿ,
ಒಂಟಿ ಅಕ್ಷರ ಜಾರಿದರೆ ಗದರದೆ
ತಿದ್ದಿ ಮುಂದಿನ ಸಾಲಿಗೆ ಹೋಗುವ ಮೇಷ್ಟ್ರಂಥದ್ದು.
ಅದಕ್ಕೆ ಒಗ್ಗುವ ಮದರ್‌ಬೋರ್ಡು: ಅರ್ಧ ದುಡ್ಡು ಅಲ್ಲೇ.
ಡಿಸ್ಕು ಎರಡು, ಬೇರೆ ಬೇರೆ ಕಂಪನಿಯವು;
ಒಟ್ಟಿಗೆ ಹುಟ್ಟಿದವಕ್ಕೆ ಒಟ್ಟಿಗೇ ಸಾಯುವ ಚಾಳಿ.
ಮೂರನೆಯದು ಮಿಲ್ಡೂರಾದಲ್ಲಿ,
ಜಾಸಿಂತಾಳ ಬೀರುವಿನಲ್ಲಿ, ಚಳಿಗಾಲದ ಕಂಬಳಿಯ ಕೆಳಗೆ.
ಯುಪಿಎಸ್ ಇಲ್ಲದೆ ಆಗದು.
ಹೊಸ ಪೆಟ್ಟಿಗೆ ಬೇಡ. ಹಳೆಯದರ ಬಾಯಿಗೆ
ನೈಲಾನ್ ಕಾಲುಚೀಲ ಬಿಗಿದರೆ ಅದೇ ಜರಡಿ.
ಹಾಸಿಗೆ ಇದ್ದಷ್ಟು ಕಾಲು, ಕಾಲಿದ್ದಷ್ಟು ಚೀಲ.
ಆದರೂ ನೂರ ಹದಿನೆಂಟು ಮೀರಿತು.
ಹೊಸ ಕನ್ನಡಕ ಕಾಯಲಿ.

ಶುಕ್ರವಾರ ಜೋಡಿಸಿ ಮುಗಿಸಿದೆ. ಸಂಜೆ
ಪಡುವಣದಿಂದ ಕೆಂಪು ಗೋಡೆ ಎದ್ದು ನಡೆದು ಬಂತು,
ಕರೆಂಟು ಹೋಯಿತು.
ಟಾರ್ಚು ಹಿಡಿದು ನೆವಿಲ್ ಬಂದ. ಒಗೆಯುವ ಕೋಣೆಯಲ್ಲಿ
ಯುಪಿಎಸ್ ಬೀಪ್ ಬೀಪ್ ಎನ್ನುತ್ತಿತ್ತು, ಗೂಡಿನಿಂದ ಬಿದ್ದ ಮರಿಯಂತೆ.
ಹದಿನಾಲ್ಕು ನಿಮಿಷ ಇಬ್ಬರೂ ಎಣಿಸಿದೆವು.
ಯಂತ್ರ ಬರೆಯುವುದನ್ನೆಲ್ಲ ಬರೆದು ಮುಗಿಸಿ
ಒಂದೊಂದೇ ದೀಪ ಆರಿಸಿಕೊಂಡು
ತಾನಾಗಿಯೇ ಮಲಗಿತು.

ಕತ್ತಲಲ್ಲಿ 'ಟಕ್' ಎಂದಿತು ಅವನ ಜೇಬು.
ರೆಕಾರ್ಡರು ಓಡುತ್ತಲೇ ಇತ್ತಂತೆ.
"ಇದನ್ನು ಎಲ್ಲಿಡುತ್ತೀ?"
ಮಾರ್ಚಿ ಹನ್ನೊಂದರ ಜಾಗ ಖಾಲಿಯಿದೆ
ಎನ್ನಲು ಬಾಯಿ ತೆರೆದೆ. ಎನ್ನಲಿಲ್ಲ.
ಅದು ಖಾಲಿಯೇ ಇರಲಿ.
ಇದು ಇವತ್ತಿನದು.